ಹದಿನೆಂಟು ಬಳೆಯ ಗೋಪುರ ಬರ್ಗೆನ್ನಿಗೆ ಹೊರಟದ್ದು

"ಕೇಕು ನಾನೇ ಮಾಡ್ತೀನಿ! ಮಾಡೋದಷ್ಟೇ ಅಲ್ಲ, ಇಲ್ಲಿಂದ ಬರ್ಗೆನ್ನಿನವರೆಗೆ ಒಂದು ಬಿರುಕೂ ಬೀಳದ ಹಾಗೆ ನಾನೇ ಹೊತ್ತು ತರ್ತೀನಿ. ಹಡಗಿನಲ್ಲಿ ತರ್ತೀನಿ!"

ಫೋನಿನಲ್ಲಿ ಹೀಗೆಂದು ಘೋಷಿಸಿದಾಗ ನನ್ನ ಗಂಟಲಿನಿಂದ ಇಡೀ ಉತ್ತರ ನಾರ್ವೆಯೇ ಮಾತಾಡಿದಂತಿತ್ತು. ಆ ಕಡೆ, ದೂರದ ದಕ್ಷಿಣದ ಬರ್ಗೆನ್ನಿನಲ್ಲಿ ಇದ್ದವರು ನನ್ನ ಅತ್ತೆ ಹ್ಯೋರ್ದಿಸ್. ವಿಷಯ ನನ್ನ ನಾದಿನಿ ಸುನ್ನಿವಾಳ ಮದುವೆ.

ನಮ್ಮಲ್ಲಿ ಮದುವೆಯೆಂದರೆ ಕ್ರಾನ್ಸೆಕಾಕೆ ಇರಲೇಬೇಕು. ಬಾದಾಮಿ ಪುಡಿ, ಸಕ್ಕರೆ, ಮೊಟ್ಟೆಯ ಬಿಳಿ ಸೇರಿಸಿ ನಾದಿ ಹದಿನೆಂಟು ಬಳೆಗಳನ್ನು ಮಾಡಿ ಬೇಯಿಸಬೇಕು. ದೊಡ್ಡದು ಅಡಿಗೆ, ಅದರ ಮೇಲೆ ಅದಕ್ಕಿಂತ ಒಂದಿಷ್ಟು ಚಿಕ್ಕದು, ಹೀಗೆ ಏರುತ್ತಾ ಹೋಗಿ ತುದಿಯಲ್ಲಿ ಬೆರಳಿಗೆ ತೊಡುವಷ್ಟೇ ಒಂದು. ನಡುನಡುವೆ ಬಿಳಿ ಸಕ್ಕರೆಯ ಗೆರೆ, ಸುತ್ತಲೂ ಪುಟ್ಟ ಕಾಗದದ ಬಾವುಟ. ಈ ಗೋಪುರವಿಲ್ಲದ ಮದುವೆ ಕಾನೂನಿನ ಪ್ರಕಾರ ನಡೆಯಬಹುದು, ನೆಂಟರು ಮಾತ್ರ ನಂಬುವುದಿಲ್ಲ.

ಅತ್ತೆ ಅಂದದ್ದು ಇಷ್ಟೇ: "ಯಾಕಮ್ಮಾ ಯೋರುನ್ ಸುಮ್ನೆ ತೊಂದ್ರೆ? ಇಲ್ಲಿ ಬೇಕರಿಯವ್ರಿಗೆ ಹೇಳಿದ್ರೆ ಆಯ್ತು. ನಿಮ್ಮ ಕಡೆ ಮೀನು ಎಷ್ಟು ಚೆನ್ನಾಗಿ ಮಾಡ್ತೀರಿ! ಬಾದಾಮಿ ಕೆಲ್ಸಾನೇ ಬೇರೆ."

ಜೇನಿನಂಥ ದನಿ. ಬರ್ಗೆನ್ನಿನ ಮಳೆಯೂ ಹಾಗೆಯೇ, ಬೀಳುತ್ತಿದೆ ಎಂದು ತಿಳಿಯುವುದೇ ಇಲ್ಲ. ಮನೆಗೆ ಬಂದು ನೋಡಿಕೊಂಡರೆ ಮೂಳೆಯವರೆಗೆ ನೆನೆದಿರುತ್ತೇವೆ. ಮದುವೆಯಾದಾಗಿನಿಂದ ಅವರು ನನ್ನ ಮೀನು ಸಾರು ಹೊಗಳಿದ್ದಾರೆ, ಮೀನು ಹುರಿದದ್ದನ್ನು ಹೊಗಳಿದ್ದಾರೆ, ಮೀನಿನ ಕೆನ್ನೆಯ ಪಲ್ಯವನ್ನೂ ಹೊಗಳಿದ್ದಾರೆ. ಹೊಗಳಿಕೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದು ಸೊಸೆಗೆ ಗೊತ್ತಾಗುವುದಿಲ್ಲವೇ?

ನನ್ನ ಗಂಡ ಐಲಿಫ್ ಬರ್ಗೆನ್ನಿನಲ್ಲಿ ಹುಟ್ಟಿದವನು. ನಮ್ಮ ಸ್ವೋಲ್ವಾರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಾನೆ. ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ ಯಾರಿಗೂ 'ಇಲ್ಲ' ಎನ್ನಲು ಬರುವುದಿಲ್ಲ. ನಾನು 'ಹಡಗು' ಎಂದಾಗ ಮಾತ್ರ ಅವನು ತಲೆ ಕೆರೆದುಕೊಂಡ.

"ವಿಮಾನದಲ್ಲಿ ಹೋದ್ರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರ್ತೀವಿ ಕಣೇ."

"ಗೋಪುರ ಎಲ್ಲಿಡ್ತೀಯ? ತೊಡೆ ಮೇಲಾ?"

"ಬಿಡಿಸಿ ಡಬ್ಬೀಲಿ ತಗೊಂಡ್ಹೋಗಿ ಅಲ್ಲಿ ಜೋಡಿಸಿದ್ರೆ ಆಗಲ್ವಾ?"

ಎಂಥ ಸರಳವಾದ, ವಿವೇಕದ ಮಾತು! ಅದಕ್ಕೇ ನನಗೆ ಸಿಟ್ಟು ಬಂತು.

"ಬಿಡಿಸಿ ತಂದ್ರೆ ಅದು ಬರೀ ಕೇಕು. ನಿಲ್ಲಿಸಿ ತಂದ್ರೆ ಅದು ನಿಮ್ಮಮ್ಮನಿಗೆ ಉತ್ತರ!"

ಐಲಿಫ್ ಗೋಪುರಕ್ಕೊಂದು ಎತ್ತರದ ಪೆಟ್ಟಿಗೆ ಮಾಡಿಕೊಟ್ಟ. ಒಣಮೀನು ತುಂಬುವ ಹಳೆಯ ಪೆಟ್ಟಿಗೆಯ ಹಲಗೆಗಳು. ಸೋಪು ಹಾಕಿ ಉಜ್ಜಿ ಬಿಸಿಲಿಗಿಟ್ಟಿದ್ದೆ. ನಮ್ಮೂರಲ್ಲಿ ಮರವೆಂದು ಸಿಗುವುದೇ ಅದು.

*

ಸಂಜೆ ಹಡಗು ಹತ್ತಿದೆವು. ನಮಗೆ ಆ ಹಡಗು ಬಸ್ಸಿದ್ದಂತೆ. ಹಲ್ಲು ಕೀಳಿಸಲು, ಸೋಫಾ ತರಲು, ಹೆರಿಗೆಗೆ ಹೋಗಲು ನಾವು ಹತ್ತುವುದು ಅದನ್ನೇ. ಆದರೆ ಒಳಗೆ ತುಂಬಿದ್ದವರೆಲ್ಲ ಪ್ರವಾಸಿಗರು. ದೇಶದ ಉತ್ತರದ ತುದಿಯವರೆಗೆ ಹೋಗಿ, ಈಗ ದಕ್ಷಿಣಕ್ಕೆ ವಾಪಸು ಹೊರಟವರು. ಯಾತ್ರೆಯ ಕೊನೆಯ ದಿನಗಳಾದ್ದರಿಂದ ಎಲ್ಲರ ಮುಖದಲ್ಲೂ ರಜೆ ಮುಗಿಯುತ್ತಿರುವ ಮಕ್ಕಳ ಕಳೆ. ಬೆಟ್ಟ ಬಂದರೆ ನಿಟ್ಟುಸಿರು, ಹಕ್ಕಿ ಬಂದರೆ ನಿಟ್ಟುಸಿರು. ನಮ್ಮ ಪೆಟ್ಟಿಗೆ ಬಂದಾಗ ಮಾತ್ರ ಗೌರವದಿಂದ ದಾರಿ ಬಿಟ್ಟರು.

"ಒಳಗೇನಿದೆ?" ಎಂದು ಬಿಳಿ ಕೂದಲಿನ ಒಬ್ಬ ಜರ್ಮನ್ ಅಜ್ಜಿ ಕೇಳಿದಳು. ಲಿಂಡ್ನರ್ ಎಂದು ಆಮೇಲೆ ಹೆಸರು ತಿಳಿಯಿತು.

"ಮರ್ಯಾದೆ" ಎಂದೆ.

ಬೆಳಗಾಗುವಷ್ಟರಲ್ಲಿ ಆ ಮರ್ಯಾದೆ ವಾಸನೆ ಹೊಡೆಯತೊಡಗಿತ್ತು. ಕ್ಯಾಬಿನ್ನಿನ ಹೀಟರಿನ ಬಿಸಿಗೆ ಹಲಗೆಗಳೊಳಗೆ ಮಲಗಿದ್ದ ಹತ್ತಾರು ವರ್ಷಗಳ ಮೀನುಗಳೆಲ್ಲ ಎದ್ದು ಕುಳಿತಿದ್ದವು.

"ಮೀನಿನ ವಾಸನೆ ಬರ್ತಿದೆ" ಎಂದ ಐಲಿಫ್.

"ನನಗೇನೂ ಬರ್ತಿಲ್ಲ."

"ನಿನಗೆ ಬರಲ್ಲ ಕಣೇ. ನೀನು ಅದರಲ್ಲೇ ಹುಟ್ಟಿದೋಳು."

"ಅದು ನನ್ನೂರಿನ ವಾಸನೆ!"

"ಇರ್ಲಿ ಬಿಡು. ಆದ್ರೆ ನಿನ್ನೂರಿನ ವಾಸನೆ ಬಾದಾಮಿಗೆ ಹತ್ತಿಬಿಟ್ರೆ ನಮ್ಮಮ್ಮ ಏನಂತಾಳೆ ಯೋಚ್ನೆ ಮಾಡು."

ಯೋಚಿಸಿದೆ. ಐದೇ ನಿಮಿಷದಲ್ಲಿ ಗೋಪುರ ಮೇಲಂತಸ್ತಿನ ಗಾಜಿನ ಹಾಲ್‌ನಲ್ಲಿತ್ತು. ಮೂಲೆಯ ಮೇಜಿನ ಮೇಲೆ ತಣ್ಣಗಿನ ಗಾಳಿಯಲ್ಲಿ ನಿಲ್ಲಿಸಿದೆ. ಬಾವುಟಗಳನ್ನು ಸರಿಪಡಿಸಿದೆ. ಕಿಟಕಿಯಾಚೆಗಿನ ದ್ವೀಪವೊಂದು ಅದರ ಹಿಂದೆ ಪೂರ್ತಿ ಮರೆಯಾಯಿತು. ನನ್ನ ಕೈಕೆಲಸಕ್ಕೆ ನಾನೇ ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದೆ.

"ಇಲ್ಲೇ ಕೂತಿರು ಐಲಿಫ್. ಯಾರಾದ್ರೂ ಕೇಳಿದ್ರೆ ಇಲ್ಲ ಅನ್ನು."

"ಅಂತೀನಿ."

"ಎಲ್ಲಿ, ಒಂದ್ಸಲ ಅನ್ನು."

"ಇಲ್ಲ."

"ಗಟ್ಟಿಯಾಗಿ!"

"ಇಲ್ಲ!"

ಚೆನ್ನಾಗಿಯೇ ಅಂದಿದ್ದ. ನೆಮ್ಮದಿಯಿಂದ ಡೆಕ್ಕಿಗೆ ಹೋದೆ.

ಡೆಕ್ಕಿನಲ್ಲಿ ಹಬ್ಬ. ಹಡಗು ಆರ್ಕ್ಟಿಕ್ ವೃತ್ತ ದಾಟಿ ದಕ್ಷಿಣಕ್ಕೆ ಇಳಿಯುವ ಹೊತ್ತು. ಹೀಗೆ ಉತ್ತರವನ್ನು ಬಿಟ್ಟು ಹೋಗುವವರಿಗೆಲ್ಲ ಒಂದು ಚಮಚ ಮೀನೆಣ್ಣೆ ಕುಡಿಸುವುದು ಹಡಗಿನ ಪದ್ಧತಿ. ಪ್ರವಾಸಿಗರು ಸಾಲಾಗಿ ಬರುತ್ತಿದ್ದರು, ಬಾಯಿ ತೆರೆಯುತ್ತಿದ್ದರು, ಮುಖ ಹಿಂಡುತ್ತಿದ್ದರು. ಕೆಂಪು ಟೋಪಿಯವನೊಬ್ಬ ಚಮಚವನ್ನು ದೂರ ಹಿಡಿದು, "ಇದನ್ನು ಮನುಷ್ಯರು ಕುಡೀತಾರಾ?" ಎಂದ.

ನನ್ನ ರಕ್ತ ಕುದಿಯಿತು. ಇದನ್ನು ಕುಡಿದೇ ನಾವು ಸೂರ್ಯನಿಲ್ಲದ ಚಳಿಗಾಲಗಳನ್ನು ದಾಟಿದ್ದು! ಮುಂದೆ ನುಗ್ಗಿ ಒಂದು ಚಮಚ ಕುಡಿದೆ. ತುಟಿ ಸವರಿಕೊಂಡೆ. "ಇನ್ನೊಂದು" ಎಂದೆ. ಚಪ್ಪಾಳೆ! ಮೂರನೆಯದಕ್ಕೆ ಕ್ಯಾಮೆರಾಗಳು ಮೇಲೆದ್ದವು. ಆಮೇಲೆ ಚಿಕ್ಕದೊಂದು ಭಾಷಣವನ್ನೂ ಮಾಡಿದೆನೆಂದು ಕಾಣುತ್ತದೆ. ಧೈರ್ಯ, ಕತ್ತಲೆ, ಹೆಂಗಸರು ಎಂಬ ಪದಗಳು ಅದರಲ್ಲಿದ್ದ ನೆನಪು. ಕೆಂಪು ಟೋಪಿಯವನು ನಾಚಿ ಎರಡು ಚಮಚ ಕುಡಿದ. ಅವನನ್ನು ನೋಡಿ ಉಳಿದವರೂ ಎರಡೆರಡು ಕುಡಿದರು. ಉತ್ತರದ ಕೀರ್ತಿಪತಾಕೆಯನ್ನು ಹಾರಿಸಿ ನಾನು ಕೆಳಗೆ ಬಂದೆ.

ಐಲಿಫ್ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದ. ಫೋಟೋಕ್ಕೆ ಕುಳಿತವರ ಹಾಗೆ. ಗೋಪುರ ನಿಂತಿತ್ತು. ಬಾವುಟಗಳಿದ್ದವು. ಆದರೆ ಅದರ ಹಿಂದಿನ ಕಿಟಕಿಯಲ್ಲಿ ಒಂದು ದ್ವೀಪ, ಅದರಾಚೆಗೆ ಇನ್ನೊಂದು, ಅದರಾಚೆಗೆ ನಸುನೀಲಿ ಬಣ್ಣದ ತೆರೆದ ಸಮುದ್ರ, ಎಲ್ಲ ಸೊಗಸಾಗಿ ಕಾಣುತ್ತಿದ್ದವು.

"ಐಲಿಫ್, ಈ ಕಿಟಕಿ ದೊಡ್ಡದಾಯ್ತಾ?"

"ಇಲ್ಲ!" ಎಂದ ಗಟ್ಟಿಯಾಗಿ.

"ಮತ್ತೆ ಗೋಪುರ ಚಿಕ್ಕದಾಯ್ತಾ?"

"ತಂಪಿಗೆ ಒಂಚೂರು ಕುಗ್ಗಿರಬಹುದು."

ಎಣಿಸಿದೆ. ಹನ್ನೊಂದು! ಅಡಿಯ ಏಳು ಬಳೆಗಳು ಮಾಯ.

ಇದನ್ನು ಓದುವವರು ಕೇಳಬಹುದು, ಅಡಿಯಿಂದ ಏಳು ಹೋದರೂ ಗೋಪುರ ನಿಂತೇ ಇತ್ತು, ಅದು ಹೇಗೆ ಎಂದು. ಅದೇ ನಮ್ಮವರ ನಯ. ಈ ಕೇಕನ್ನು ತುದಿಯಿಂದ ಮುರಿಯುವುದು ಅಸಭ್ಯತೆ. ಮೇಲಿನದನ್ನು ಮೆಲ್ಲಗೆ ಎತ್ತಿ, ಅಡಿಯ ಬಳೆಯನ್ನು ತೆಗೆದು ಮುರಿದು ಹಂಚಿ, ಮಿಕ್ಕದ್ದನ್ನು ಹಾಗೆಯೇ ಇಳಿಸಬೇಕು. ಕೊನೆಯವರೆಗೂ ಗೋಪುರ ಗೋಪುರವಾಗಿಯೇ ಇರಬೇಕು. ನನ್ನ ಗಂಡ ಆ ಪದ್ಧತಿಯನ್ನು ಅಕ್ಷರಶಃ ಪಾಲಿಸಿದ್ದ.

"ಒಂದೇ ಒಂದು ಕೊಟ್ಟೆ ಕಣೇ, ಆ ಲಿಂಡ್ನರಜ್ಜಿಗೆ. ಮೀನೆಣ್ಣೆ ಕುಡಿದು ಕಣ್ಣಲ್ಲಿ ನೀರು ಸುರೀತಿತ್ತು. ಇದು ಕ್ಯಾಪ್ಟನ್ ಕೊಡ್ತಿರೋ ಸಿಹಿನಾ ಅಂತ ಕೇಳಿದ್ಲು."

"ಒಂದು ಕೊಟ್ರೆ ಏಳು ಹೇಗೆ ಹೋಯ್ತು?"

"ಅಜ್ಜಿ ಹಿಂದೆ ಸಾಲಿತ್ತು."

"ಇಲ್ಲ ಅನ್ಲಿಲ್ವಾ?"

"ಅಂದೆ. ಮನಸ್ಸಲ್ಲಿ." ಆಮೇಲೆ ಮೆಲ್ಲಗೆ ಸೇರಿಸಿದ: "ಮೇಲೆ ಯಾರೋ ಒಬ್ಳು ಮೂರು ಚಮಚ ಕುಡಿದ್ಲಂತೆ. ಅವಳ ದೆಸೆಯಿಂದ ಎಲ್ಲರೂ ಎರಡೆರಡು ಕುಡಿಯೋ ಹಾಗಾಯ್ತಂತೆ. ಪಾಪ, ಬಾಯಿ ಸಿಹಿ ಮಾಡ್ಕೊಳ್ದೆ ಬದುಕೋ ಸ್ಥಿತೀಲೇ ಇರ್ಲಿಲ್ಲ ಅವ್ರು."

ನಾನು ಬಾಯಿ ತೆರೆದಿದ್ದರೆ ಮೀನೆಣ್ಣೆ ಹೊರಗೆ ಬರುತ್ತಿತ್ತು.

ಅದೇ ಮಧ್ಯಾಹ್ನ ಹಡಗು 'ಏಳು ಸೋದರಿಯರು' ಎಂಬ ಬೆಟ್ಟಸಾಲಿನ ಮುಂದೆ ಸಾಗಿತು. ಮೋಡ ಸರಿದು ಏಳೂ ಶಿಖರಗಳು ಒಂದರ ಭುಜಕ್ಕೊಂದು ತಾಗಿಕೊಂಡು ನಿಂತಿದ್ದವು. ಇಂಥ ದಿನ ಅಪರೂಪ. ಪ್ರವಾಸಿಗರು ಬೆರಳು ತೋರಿಸಿ ಎಣಿಸಿದರು. ನಾನೂ ಎಣಿಸಿದೆ. ಆ ಏಳು ಮಂದಿ ಬಿಸಿಲಿನಲ್ಲಿ ನಿಂತಿದ್ದರು, ನನ್ನ ಏಳು ಮಂದಿ ಎಣಿಸುವವರ ಹೊಟ್ಟೆಯಲ್ಲಿದ್ದರು.

ಆಗ ಅತ್ತೆಯ ಫೋನು.

"ಹೇಗಿದೆಯಮ್ಮಾ ಕೇಕು?"

"ನಿಂತಿದೆ ಅತ್ತೆ." ಸುಳ್ಳಲ್ಲವಲ್ಲ!

"ಅಲ್ಲ, ಬೇಕರಿಯವ್ರು ಇವತ್ತು ಸಂಜೆವರೆಗೂ ಆರ್ಡರ್ ತಗೋತಾರಂತೆ. ಒಂದು ಹೇಳಿಟ್ಟಿರ್ಲಾ? ಸುಮ್ನೆ, ಇರ್ಲಿ ಅಂತ."

ಎದುರಿಗೆ ಹನ್ನೊಂದು ಬಳೆಯ ಮೋಟು ಗೋಪುರ. ಒಂದು 'ಹೂಂ' ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಮೊದಲು ಕೇಕು ಮುಗಿಯುತ್ತಿತ್ತು, ಆಮೇಲೆ ನಾನು. ಇನ್ನು ಸಾಯುವವರೆಗೆ ಆ ಮನೆಯಲ್ಲಿ ಮೀನಿನ ಕೆನ್ನೆಯ ಹೊಗಳಿಕೆ ಕೇಳುತ್ತಾ ಕೂರಬೇಕು.

"ಬೇಡ ಅತ್ತೆ! ಹದಿನೆಂಟು ಬಳೆ ಬರುತ್ತೆ!"

ಫೋನಿಟ್ಟ ಮೇಲೆ ಐಲಿಫ್ ಕೇಳಿದ. "ಎಲ್ಲಿಂದ ಬರುತ್ತೆ?"

*

ಹಡಗಿನ ಅಡುಗೆಮನೆಯ ಯಜಮಾನಿ ಆಸ್ಲಾಗ್. ನಮ್ಮ ಪಕ್ಕದ ದ್ವೀಪದವಳು. ದೋಣಿಯ ಹುಟ್ಟುಗಳಂಥ ತೋಳು. ಹೊರಗಿನವರು ಹೊಸ್ತಿಲಿನ ಮೇಲೆ ಕಾಲಿಟ್ಟರೆ ಸೌಟಿನಿಂದ ತೋರಿಸುವುದು ಬಾಗಿಲನ್ನೇ.

"ಆಗಲ್ಲ" ಎಂದಳು, ನಾನು ಬಾಯಿ ತೆರೆಯುವ ಮೊದಲೇ.

"ಆಸ್ಲಾಗಕ್ಕ, ಒಂದು ಒಲೆ ಮೂಲೆ ಸಾಕು."

"ಆಗಲ್ಲ ಅಂದೆ. ನಿನಗೆ ಕೊಟ್ರೆ ನಾಳೆ ಎಲ್ಲರೂ ಕಾವಲಿ ಹಿಡ್ಕೊಂಡು ಬರ್ತಾರೆ."

"ನಮ್ಮತ್ತೆ ಬರ್ಗೆನ್ನಿನವರು."

"ಅದಕ್ಕೆ?"

"ಬಾದಾಮಿ ಕೆಲ್ಸಾನೇ ಬೇರೆ ಅಂದ್ರು."

ಆಸ್ಲಾಗಳ ಸೌಟು ಗಾಳಿಯಲ್ಲಿ ನಿಂತಿತು. "ಅದಕ್ಕೂ ಮೊದ್ಲು, ನಿಮ್ಮ ಕಡೆ ಮೀನು ಎಷ್ಟು ಚೆನ್ನಾಗಿ ಮಾಡ್ತೀರಿ ಅಂದಿರ್ಬೇಕಲ್ಲ?"

"ನಿನಗೆ ಹೇಗೆ ಗೊತ್ತು?"

"ನನಗೂ ಒಬ್ಳಿದ್ಲು." ಸೌಟನ್ನು ನಿಧಾನವಾಗಿ ಕೆಳಗಿಟ್ಟಳು. "ನಾಳೆ ಊಟದ ಪಾತ್ರೆ ಎಲ್ಲ ತೊಳೆದಾದ್ಮೇಲೆ ಬಾ. ತಲೆಗೆ ಬಟ್ಟೆ ಕಟ್ಕೊಂಡು ಬಾ. ಹಾಳಾದೋಳು, ಬಾದಾಮಿ ಅಂತೆ ಬಾದಾಮಿ!"

ಮರುದಿನ ಬೆಳಿಗ್ಗೆ ಹಡಗು ಟ್ರೊಂಡ್‌ಹೈಮಿನಲ್ಲಿ ನಿಂತಾಗ ಬಾದಾಮಿ, ಮೊಟ್ಟೆ ತರಲು ಐಲಿಫನನ್ನು ಓಡಿಸಿದೆ. ಹಡಗಿನ ಏಣಿ ಎತ್ತುವ ಹೊತ್ತಿಗೆ ಅವನು ಬಂದರಿನ ತುದಿಯಲ್ಲಿ ಕಾಣಿಸಿಕೊಂಡ. ಬೆನ್ನಿಗೆ ಬಾದಾಮಿ ಚೀಲ, ಎದೆಗೆ ಮೊಟ್ಟೆಯ ಟ್ರೇ. ರೇಲಿಂಗಿಗೆ ಒರಗಿ ನಿಂತ ಪ್ರವಾಸಿಗರೆಲ್ಲ "ಓಡು! ಓಡು!" ಎಂದು ಕೂಗುತ್ತಿದ್ದರು. ಒಂದೂ ಒಡೆಯದೆ ತಂದ. ನಮ್ಮ ಮದುವೆಯ ದಿನ ನನ್ನನ್ನೂ ಅಷ್ಟು ಜೋಪಾನವಾಗಿ ಅಪ್ಪಿಕೊಂಡಿರಲಿಲ್ಲ.

ಲಿಂಡ್ನರಜ್ಜಿಗೆ ನಿಜ ತಿಳಿದಿತ್ತು. ಬೆಳಿಗ್ಗೆಯೇ ಬಂದು ನನ್ನ ಕೈ ಹಿಡಿದುಕೊಂಡಳು. "ಅಯ್ಯೋ ಮಗಾ, ಮದುವೆ ಕೇಕು ಅಂತ ನನಗೇನು ಗೊತ್ತು! ಯಾತ್ರೆ ಮುಗೀತಾ ಬಂತು, ಪಾಪ ಕ್ಯಾಪ್ಟನ್ ಸಿಹಿ ಇಟ್ಟಿದ್ದಾರೆ ಅಂದ್ಕೊಂಡೆ. ಎರಡು ತುಂಡು ತಿಂದೆ."

"ಎರಡಾ?"

"ಒಂದು ಆಮೇಲಕ್ಕೆ ಅಂತ ಬ್ಯಾಗಲ್ಲಿಟ್ಕೊಂಡಿದ್ದೆ. ಅದನ್ನೂ ತಿಂದೆ."

ಪ್ರಾಯಶ್ಚಿತ್ತಕ್ಕೆ ಅಜ್ಜಿ ಊಟದ ಹಾಲ್‌ನ ಮೂಲೆಯಲ್ಲಿ ಕುಳಿತು ಇಡೀ ಚೀಲದ ಬಾದಾಮಿಯ ಸಿಪ್ಪೆ ಸುಲಿದಳು. ಕಿಟಕಿಯಾಚೆ ದೀಪಸ್ತಂಭಗಳು, ಕೆಂಪು ದೋಣಿಮನೆಗಳು, ಹಳದಿಗೆ ತಿರುಗಿದ ಸೆಪ್ಟೆಂಬರಿನ ಬರ್ಚ್ ಮರಗಳು ಒಂದೊಂದಾಗಿ ಹಿಂದೆ ಸರಿದವು. ಅಜ್ಜಿ ತಲೆಯೆತ್ತಲಿಲ್ಲ.

ನಾನು ತಲೆಗೆ ಬಟ್ಟೆ ಕಟ್ಟಿ ಯುದ್ಧಕ್ಕೆ ಇಳಿದೆ. ಅಷ್ಟರಲ್ಲಿ ಹಡಗು ದ್ವೀಪಗಳ ಮರೆಯನ್ನು ಬಿಟ್ಟು ತೆರೆದ ಸಮುದ್ರಕ್ಕೆ ಬಂದಿತ್ತು. ನೆಲ ಒಮ್ಮೆ ಏರಿತು, ಒಮ್ಮೆ ಇಳಿಯಿತು.

"ಆಗುತ್ತಾ ನಿನ್ನ ಕೈಲಿ?" ಎಂದಳು ಆಸ್ಲಾಗ್.

"ನನಗಾ? ನಮ್ಮಪ್ಪ ಬೆಸ್ತ! ನಾನು ನಡೆಯೋದು ಕಲಿತದ್ದೇ ದೋಣಿ ಮೇಲೆ!"

ಹೇಳಿ ಬಾಯಿ ಮುಚ್ಚಿದೆ. ಮುಚ್ಚಿದ ಬಾಯನ್ನು ಮತ್ತೆ ತೆರೆಯುವ ಧೈರ್ಯ ಆಗಲಿಲ್ಲ. ಬಿಸಿ ಒಲೆ, ಬಾದಾಮಿಯ ಜಿಡ್ಡಿನ ಘಮ, ನಿನ್ನೆಯ ಮೂರು ಚಮಚ, ಎಲ್ಲ ಒಟ್ಟಾಗಿ ಮೇಲಕ್ಕೆ ಹೊರಟಿದ್ದವು. ಆಸ್ಲಾಗ್ ನನ್ನ ಮುಖ ನೋಡಿ, ಬಕೆಟ್ಟೊಂದನ್ನು ಕಾಲಿನಿಂದ ತಳ್ಳಿದಳು.

ಆ ಮಧ್ಯಾಹ್ನವೆಲ್ಲ ನಾನು ಮೂಲೆಯಲ್ಲಿ ಬಕೆಟ್ಟನ್ನು ಅಪ್ಪಿಕೊಂಡು ಕುಳಿತು ಆಜ್ಞೆ ಹೊರಡಿಸುತ್ತಿದ್ದೆ. ಕೆಲಸ ಮಾಡಿದವನು ಐಲಿಫ್.

"ಮೊಟ್ಟೆ ಒಡೆಯೋಕೂ ಬರಲ್ವೇನೋ ನಿನಗೆ?" ಆಸ್ಲಾಗಳ ದನಿ.

"ಎಲ್ಲಿಂದ ಒಡೀಬೇಕು?"

"ಹೊರಗಿಂದ!"

"ಬಿಳಿ ಮಾತ್ರ ಬೇಕು..." ಎಂದು ನಾನು ಬಕೆಟ್ಟಿನೊಳಗಿಂದ.

"ಹಿಟ್ಟನ್ನ ಹಾಗೆ ತಿರುಚಬೇಡ್ವೋ, ಅದು ಬೋಲ್ಟಲ್ಲ! ಮೆಲ್ಲಗೆ ಉರುಳಿಸು. ಹಾಂ, ಮಗೂನ ತಟ್ಟೋ ಹಾಗೆ."

ಬಳೆ ಒತ್ತುವ ಅಚ್ಚುಗಳು ಇರಲಿಲ್ಲ. ಪಾತ್ರೆಗಳ ಮುಚ್ಚಳಗಳನ್ನೇ ಅಳತೆಗಿಟ್ಟುಕೊಂಡು ಐಲಿಫ್ ಏಳು ಬಳೆಗಳನ್ನು ಸುತ್ತಿದ. ನಾಲಿಗೆಯ ತುದಿ ಹಲ್ಲಿನ ನಡುವೆ ಸಿಕ್ಕಿಸಿಕೊಂಡಿದ್ದ, ಮೂಗಿನ ಮೇಲೆ ಸಕ್ಕರೆ. ಒಲೆಯಿಂದ ಹೊರಬಂದಾಗ ಅವು ಸಂಜೆಯ ಬೆಳಕಿನ ಬಣ್ಣಕ್ಕೆ ತಿರುಗಿದ್ದವು. ಆಸ್ಲಾಗ್ ಒಂದು ಚೂರನ್ನು ನನ್ನ ಬಾಯಿಗಿಟ್ಟಳು. ಮೇಲೆ ಗರಿ, ಒಳಗೆ ಮೆದು. ನನ್ನದಕ್ಕಿಂತ ಚೆನ್ನಾಗಿತ್ತು.

"ಹೇಗಿದೆ?" ಎಂದು ಐಲಿಫ್ ಕಣ್ಣರಳಿಸಿ ಕೇಳಿದ.

"ತಿನ್ನಬಹುದು. ನೋಡು, ನಿಮ್ಮಮ್ಮ ಕೇಳಿದ್ರೆ ಹದಿನೆಂಟೂ ನಾನೇ ಮಾಡಿದ್ದು. ಸರೀನಾ?"

"ಸರಿ" ಎಂದ. ಅವನಿಗೆ 'ಇಲ್ಲ' ಎನ್ನಲು ಬಾರದಿರುವುದು ಒಮ್ಮೆಯಾದರೂ ನನ್ನ ಉಪಯೋಗಕ್ಕೆ ಬಂತು.

ಇನ್ನು ಜೋಡಿಸುವುದು. ಮುಸ್ಸಂಜೆಗೆ ಹುಸ್ತಾದ್‌ವಿಕಾ ಎಂಬ ಹೊಡೆತದ ಸಮುದ್ರ ಶುರುವಾಗುತ್ತದೆ, ಎಲ್ಲರೂ ಹುಷಾರು ಎಂದು ಕ್ಯಾಪ್ಟನ್ ಮೈಕಿನಲ್ಲಿ ಹೇಳಿದರು. ಅಷ್ಟೂ ಬಳೆ ಗಂಡನ ಕೈಯಿಂದ ಆಯಿತು, ಅಂಟಿಸುವುದಾದರೂ ನನ್ನ ಕೈಯಿಂದ ಆಗದಿದ್ದರೆ ಹೇಗೆ? ಬಕೆಟ್ಟನ್ನು ಬಿಟ್ಟು ಎದ್ದು ನಿಂತೆ.

"ಬಿಳಿ ಸಕ್ಕರೆ ಗೆರೆ ಎಳೆದ್ರೆ ಸಾಕು" ಎಂದಳು ಆಸ್ಲಾಗ್.

"ಈ ಅಲೆಗೆ ಅದು ಸಾಲಲ್ಲ. ಪಾಕ ಮಾಡ್ತೀನಿ."

ಸಕ್ಕರೆಯನ್ನು ಕೆಂಪಗಾಗುವವರೆಗೆ ಕರಗಿಸಿದೆ. ಹಳೆಯ ಹನ್ನೊಂದನ್ನೂ ಬಿಡಿಸಿ, ಅಡಿಯ ಬೆಳ್ಳಿ ತಟ್ಟೆಯಿಂದ ತುದಿಯವರೆಗೆ ಬಳೆಬಳೆಗೂ ಪಾಕ ಸುರಿದು ಕೂರಿಸಿದೆ. ಸೋರಿದರೂ ನಿಲ್ಲಿಸಲಿಲ್ಲ.

"ಏ ತಾಯಿ, ಇಷ್ಟು ಹಾಕಿದ್ರೆ ಬಿಡಿಸೋದು ಹೇಗೆ?"

"ಬಿಡಿಸೋ ಮಾತು ಆಮೇಲೆ ಅಕ್ಕ. ನಿಲ್ಲಿಸೋ ಮಾತು ಈಗ!"

ಹುಸ್ತಾದ್‌ವಿಕಾ ಹೇಳಿದ ಹೊತ್ತಿಗೇ ಬಂತು. ಊಟದ ಹಾಲ್‌ನಲ್ಲಿ ಲೋಟಗಳು ಜಾರಿದವು, ಕುರ್ಚಿಗಳು ಜಾರಿದವು, ಕೆಂಪು ಟೋಪಿಯವನು ಸೂಪಿನ ಸಮೇತ ಜಾರಿ ಪಕ್ಕದ ಮೇಜಿನ ಸಂಸಾರಕ್ಕೆ ಸೇರಿಕೊಂಡ. ಮೂಲೆಯಲ್ಲಿ ನನ್ನ ಗೋಪುರ ಎಡಕ್ಕೆ ಬಾಗುವ ಹಡಗಿನೊಡನೆ ಎಡಕ್ಕೆ, ಬಲಕ್ಕೆ ಬಾಗುವ ಹಡಗಿನೊಡನೆ ಬಲಕ್ಕೆ ವಾಲಿತು. ಒಂದು ಬಾವುಟವೂ ಉದುರಲಿಲ್ಲ. ಸಮುದ್ರ ಶಾಂತವಾದಾಗ ಇಡೀ ಹಾಲ್ ಎದ್ದುನಿಂತು ಚಪ್ಪಾಳೆ ತಟ್ಟಿತು. ನಾನು ಬಾಗಿ ವಂದಿಸಿದೆ. ಮೆಲ್ಲಗೆ ಬಾಗಿದೆ, ಹೊಟ್ಟೆ ಇನ್ನೂ ಸರಿಯಿರಲಿಲ್ಲ.

*

ಕೊನೆಯ ದಿನ ಪ್ರವಾಸಿಗರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು. ಲಿಂಡ್ನರಜ್ಜಿ ಗೋಪುರವನ್ನು ನೋಡಿಯೂ ಅತ್ತಳು. ಬೆಟ್ಟಗಳು ತಗ್ಗಾದವು, ದ್ವೀಪಗಳ ಮೇಲೆ ಮನೆಗಳು ಹೆಚ್ಚಾದವು, ಬೆಳಕು ಬೂದಿಯ ಬಣ್ಣಕ್ಕಿಳಿಯಿತು. ಮಳೆ ಶುರುವಾಯಿತು. ಅಂದರೆ ಬರ್ಗೆನ್ ಬಂತು.

ಅತ್ತೆ ಛತ್ರಿ ಹಿಡಿದು ಬಂದರಿನಲ್ಲಿ ನಿಂತಿದ್ದರು. ಆ ಛತ್ರಿಯನ್ನು ಮಗನಿಗೂ ಹಿಡಿಯಲಿಲ್ಲ, ನನಗೂ ಹಿಡಿಯಲಿಲ್ಲ, ಗೋಪುರಕ್ಕೆ ಹಿಡಿದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ನಿಂತಿದೆ" ಎಂದರು. ಬೇರೆ ಯಾರಾದರೂ ಅಂದಿದ್ದರೆ ಅದು ಒಂದು ಪದ. ಅವರು ಅಂದದ್ದರಿಂದ ಪದಕ!

ಮಾರನೆಯ ದಿನ ಮದುವೆ. ಊಟವಾಯಿತು, ಭಾಷಣಗಳಾದವು. ಹಾಲ್‌ನ ನಡುವೆ, ದೀಪಗಳ ಕೆಳಗೆ ನನ್ನ ಗೋಪುರ ಹೊಳೆಯುತ್ತಿತ್ತು. ನೆಂಟರು "ಉತ್ತರದಿಂದ ಬಂದದ್ದಂತೆ" ಎಂದು ಪಿಸುಗುಟ್ಟಿದಾಗಲೆಲ್ಲ ನಾನು ಒಂದು ಅಂಗುಲ ಬೆಳೆದೆ. ಆಗ ಅತ್ತೆ ಎದ್ದು ಲೋಟಕ್ಕೆ ಚಮಚ ಬಡಿದರು.

"ಈಗ ನಮ್ಮ ಮದುಮಕ್ಕಳು ಕೇಕಿನ ತುದಿ ಹಿಡಿದು ಎತ್ತುತ್ತಾರೆ. ತುದಿ ಜೊತೆ ಎಷ್ಟು ಬಳೆ ಅಂಟಿಕೊಂಡು ಬರುತ್ತೋ ಅಷ್ಟು ಮಕ್ಕಳು!"

ಸುರಿದ ಪಾಕವೆಲ್ಲ ನನಗೆ ಒಟ್ಟಿಗೆ ನೆನಪಾಯಿತು. ಗೊತ್ತಿರದ ಪದ್ಧತಿಯೇ? ನಮ್ಮ ಮದುವೆಯಲ್ಲೂ ಎತ್ತಿದ್ದೆವು, ಎರಡು ಬಂದಿದ್ದವು. ಆದರೆ ಹಡಗಿನಲ್ಲಿ ನನ್ನ ತಲೆಯ ತುಂಬ ಅಲೆಗಳೇ ಇದ್ದವು.

"ಅತ್ತೆ, ಈ ಕಾಲದಲ್ಲಿ ಅದೆಲ್ಲ ಯಾಕೆ ಅತ್ತೆ..."

"ಸುಮ್ನಿರಮ್ಮ, ಮಜಾ ಇರುತ್ತೆ."

ಸುನ್ನಿವಾ ಮತ್ತು ಅವಳ ಗಂಡ ಮಾಗ್ನೆ ನಗುನಗುತ್ತಾ ತುದಿಗೆ ಕೈ ಹಾಕಿ ಎತ್ತಿದರು. ಒಂದು ಬಂತು. ಎರಡು ಬಂತು. ಐದು, ಹತ್ತು. ನೆಂಟರ ನಗು ನಿಧಾನವಾಗಿ ನಿಂತಿತು. ಹದಿನೆಂಟೂ ಮೇಲೆದ್ದವು. ಅವುಗಳ ಹಿಂದೆಯೇ ಬೆಳ್ಳಿಯ ತಟ್ಟೆಯೂ ಎದ್ದು ಗಾಳಿಯಲ್ಲಿ ತೂಗಾಡಿತು.

ಹಾಲ್‌ನಲ್ಲಿ ಎಲ್ಲರೂ ಬೆರಳು ಮಡಚಿ ಎಣಿಸಿದರು.

"ಹದಿನೆಂಟಾ?" ಎಂದ ಮಾಗ್ನೆ. ಪಾಪ, ಅವನ ದನಿ ಹದಿನೆಂಟು ಕಡೆ ಒಡೆದಿತ್ತು.

"ತಟ್ಟೆ ಲೆಕ್ಕಕ್ಕೆ ಬರುತ್ತಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಎಳೆದರು, ಬರಲಿಲ್ಲ. ಚಾಕು ಹಾಕಿದರು, ಚಾಕು ಬಾಗಿತು. ಮದುಮಗನ ಕಡೆಯ ದಪ್ಪ ಮಾವನೊಬ್ಬ ಮೊಣಕಾಲಿಗೆ ಬಡಿದು ನೋಡಿದ. ಮೊಣಕಾಲು ನೊಂದಿತು. ಕೊನೆಗೆ ಹಾಲ್‌ನವರಿಂದ ಒಂದು ಸುತ್ತಿಗೆ ಬಂತು. ಅದನ್ನು ಹಿಡಿದು ಏನು ಮಾಡುವುದೆಂದು ತಿಳಿಯದೆ ಎಲ್ಲರೂ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತಿದ್ದರು. ಎಲ್ಲರ ಕಣ್ಣು ನನ್ನ ಮೇಲೆ. ನಾನು ಅಳುವುದನ್ನು ಬರ್ಗೆನ್ ನೋಡಬೇಕೇ?

"ಕೊಡಿ ಇಲ್ಲಿ!" ಎಂದೆ. "ನಮ್ಮ ಕಡೆ ಒಣಮೀನು ಜಜ್ಜೋ ಸುತ್ತಿಗೆ ಇಲ್ಲದೆ ಊಟಕ್ಕೇ ಕೂರಲ್ಲ!"

ಒಂದೇ ಏಟು. ಗೋಪುರ ಸಿಡಿಯಿತು. ಚೂರುಗಳು ದೀಪಕ್ಕೆ ತಾಗಿದವು, ಕಾಫಿಗೆ ಬಿದ್ದವು, ಪಾದ್ರಿಗಳ ಜೇಬಿಗೂ ಇಳಿದವು. ಮಕ್ಕಳು ಮೇಜಿನಡಿಗೆ ನುಗ್ಗಿ ಹೆಕ್ಕಿದರು. ದೊಡ್ಡವರು ನಾಚಿಕೊಂಡು ಒಂದೊಂದು ಚೂರು ಬಾಯಿಗೆ ಹಾಕಿಕೊಂಡರು. ಆಮೇಲೆ ನಾಚಿಕೆ ಬಿಟ್ಟು ಇನ್ನೊಂದು. ಹಾಲ್ ತುಂಬ ಕುದುರೆಗಳು ಹುರುಳಿ ಅಗಿಯುವ ಸದ್ದು.

ಅತ್ತೆ ಒಂದು ಚಿಕ್ಕ ಬಳೆಯ ಚೂರನ್ನು ತಿಂದು ಹುಬ್ಬೇರಿಸಿದರು. "ಇದು ಸ್ವಲ್ಪ... ಸಮುದ್ರದ ಕಡೆಯದು." ಆಮೇಲೆ ಅಡಿಯ ದೊಡ್ಡ ಬಳೆಯ ಚೂರೊಂದನ್ನು ಬಾಯಿಗಿಟ್ಟರು. ಅಗಿದರು. ಕಣ್ಣು ಮುಚ್ಚಿಕೊಂಡರು.

"ಯೋರುನ್, ಇದು ಬಹಳ ಚೆನ್ನಾಗಿದೆ ಕಣಮ್ಮಾ. ಬೇಕರಿಯವ್ರ ಕೈಲೂ ಇಷ್ಟು ಹದ ಬರಲ್ಲ. ನೀನೇನಾ ಮಾಡಿದ್ದು?"

ಇದಕ್ಕಾಗಿಯೇ ನಾನು ಇಷ್ಟು ದೂರ ಬಂದದ್ದು. ಈ ಒಂದು ಮಾತಿಗಾಗಿ.

"ಹದಿನೆಂಟೂ ಅವಳೇ..." ಎಂದು ಐಲಿಫ್ ನಿಷ್ಠೆಯಿಂದ ಶುರುಮಾಡಿದ. ಅವನ ಬೆರಳ ತುದಿಯಲ್ಲಿ ಒಲೆಯ ಸುಟ್ಟ ಗುರುತು ಇನ್ನೂ ಕೆಂಪಗಿತ್ತು.

ನನ್ನ ಹಮ್ಮಿಗೆ ಎಂಥ ಹಾಳು ಸ್ವಭಾವ ನೋಡಿ. ಅದಕ್ಕೆ ಹೊಗಳಿಕೆ ಬೇಕು, ಆದರೆ ಇನ್ನೊಬ್ಬರಿಗೆ ಸಲ್ಲಬೇಕಾದ ಹೊಗಳಿಕೆ ಗಂಟಲಲ್ಲಿ ಇಳಿಯುವುದಿಲ್ಲ.

"ಇಲ್ಲ ಅತ್ತೆ" ಎಂದೆ, ಸುತ್ತಿಗೆಯನ್ನು ಇನ್ನೂ ಬಿಗಿಯಾಗಿ ಹಿಡಿದು. "ಸಮುದ್ರದ ಕಡೆಯದು ನನ್ನದು. ನೀವು ಮೆಚ್ಚಿದ್ದು ನಿಮ್ಮ ಮಗ ಮಾಡಿದ್ದು."

ಅತ್ತೆ ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಇವನಾ? ನನ್ನ ಮನೇಲಿದ್ದಷ್ಟು ದಿನ ಕುಡಿದ ಲೋಟ ಎತ್ತಿಡದೋನಾ?"

"ಇವನೇ."

"ಮೊಟ್ಟೆ ಒಡೆದ್ನಾ?"

"ಒಡೆದ. ಬಿಳಿ ಬೇರೆ, ಹಳದಿ ಬೇರೆ."

"ಮತ್ತೆ ಪಾತ್ರೆ?"

"ಅವನೇ ತೊಳೆದ. ಒರೆಸಿಯೂ ಇಟ್ಟ."

ಅತ್ತೆ ಕುರ್ಚಿಯಲ್ಲಿ ಕುಸಿದು ಕುಳಿತರು. ಆಮೇಲೆ ನನ್ನ ಕೈಯಿಂದ ಸುತ್ತಿಗೆಯನ್ನು ಬಿಡಿಸಿ ಪಕ್ಕಕ್ಕಿಟ್ಟು, ಆ ಕೈಯನ್ನು ತಮ್ಮ ಎರಡೂ ಕೈಗಳ ನಡುವೆ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

"ಸುನ್ನಿವಾ, ಬಾ ಇಲ್ಲಿ" ಎಂದು ಮದುಮಗಳನ್ನು ಕರೆದರು. "ನಿಮ್ಮತ್ತಿಗೇನ ನೋಡಿ ಕಲಿತ್ಕೋ ಮಗಳೇ."

ಬರ್ಗೆನ್ನಿನ ನೆಂಟರಿಷ್ಟರೆಲ್ಲ ನೋಡುತ್ತಿದ್ದರು. ನನ್ನ ತಲೆ ಮೇಲೇರಿತು, ಚಾವಣಿಯ ದೀಪಗಳನ್ನು ದಾಟಿ ಆ ಮಳೆಮೋಡದವರೆಗೂ ಏರಿತು. ಅತ್ತೆ ಹಲ್ಲಿನ ಸಂದಿಯಿಂದ ಪಾಕದ ಚೂರೊಂದನ್ನು ಕಷ್ಟಪಟ್ಟು ಹೊರತೆಗೆದು ಬೆಳಕಿಗೆ ಹಿಡಿದು ನೋಡಿದರು.

"ಕೇಕು ಮಾಡೋದನ್ನಲ್ಲ."